ಕುಂಬಳದ ಹೂವೂ ವೈದ್ಯರ ಚೀಟಿಯೂ

ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತನ್ನು ನಂಬಿ, ನಾನು ಪ್ರತಿವರ್ಷ ಆ ಹಬ್ಬದ ಮರುದಿನವೇ ತಾರಸಿಯ ಮೂಲೆಯಲ್ಲಿ ಬೋರಲು ಹಾಕಿಟ್ಟ ಕುಂಡಗಳನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತೇನೆ. ಪಂಚಾಂಗದ ವಸಂತವು ಚೈತ್ರದಲ್ಲಿ ಆರಂಭವಾಗುವುದು ನಿಜ. ಆದರೆ ಮೈಸೂರಿನ ತಾರಸಿಯ ಮೇಲೆ ತರಕಾರಿ ಬೆಳೆಯುವ ಆಸೆಯುಳ್ಳವರು ಬೇವು ಬೆಲ್ಲ ತಿಂದ ಮೇಲೆ ಬೀಜ ಹುಡುಕಲು ಹೊರಟರೆ, ಮೊಳಕೆ ಎರಡೆಲೆ ಬಿಡುವಷ್ಟರಲ್ಲಿ ಬಿಸಿಲು ಅದರ ನೆತ್ತಿಯ ಮೇಲೆ ಕುಳಿತಿರುತ್ತದೆ. ಕವಿಗಳ ವಸಂತಕ್ಕೆ ಎರಡು ತಿಂಗಳಿದ್ದರೆ ಬೆಂಡೆ ಬೆಳೆಯುವವರ ವಸಂತಕ್ಕೆ ಇರುವುದು ಶಿವರಾತ್ರಿಗೂ ಯುಗಾದಿಗೂ ನಡುವಣ ಒಂದೇ ತಿಂಗಳು.

ಹೋದ ವರ್ಷ ಆ ಒಂದು ತಿಂಗಳ ಬಾಗಿಲಲ್ಲೇ ನನಗೆ ವೈದ್ಯರ ಚೀಟಿಯೊಂದು ದೊರೆಯಿತು. ರಕ್ತದ ಸಕ್ಕರೆಯು ಗಡಿಯ ಮೇಲೆ ಬಂದು ನಿಂತಿದೆಯೆಂದೂ, ಇನ್ನೂ ಒಳಗೆ ಕಾಲಿಟ್ಟಿಲ್ಲವೆಂದೂ ಹೇಳಿದ ವೈದ್ಯರು ಮಾತ್ರೆಯ ಬದಲಿಗೆ ಮೂರು ಸಾಲು ಬರೆದುಕೊಟ್ಟರು: ಬೆಳಿಗ್ಗೆ ಬೇಗ ಎದ್ದು ಅರ್ಧ ಗಂಟೆ ಮೈದಣಿಸಬೇಕು, ಊಟದಲ್ಲಿ ಅನ್ನ ಇಳಿಸಿ ಸೊಪ್ಪು ತರಕಾರಿ ಏರಿಸಬೇಕು, ರಾತ್ರಿ ಹತ್ತರೊಳಗೆ ಮಲಗಬೇಕು. ಈ ಮೂರು ಸಾಲುಗಳನ್ನು ನನ್ನ ಅಮ್ಮ ಒಂದು ರೂಪಾಯಿ ಶುಲ್ಕವನ್ನೂ ಪಡೆಯದೆ ನಲವತ್ತು ವರ್ಷ ಹೇಳಿದ್ದಳು. ಚೀಟಿಯ ಹಿಂಬದಿ ಮಾತ್ರ ಅಚ್ಚ ಬಿಳಿಯಾಗಿತ್ತು. ಮನೆಗೆ ಬಂದವಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮುನ್ನ ಅಲ್ಲಿ, ‘ಬೆಂಡೆ ನೆನೆಹಾಕಿದ್ದು, ಸೋಮವಾರ’ ಎಂದು ಬರೆದೆ. ಕಾಗದವನ್ನು ವ್ಯರ್ಥಮಾಡುವುದು ನಮ್ಮ ಮನೆತನದಲ್ಲಿ ಇಲ್ಲ.

ಸಿದ್ಧತೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬೀಜದ ಡಬ್ಬಿಯನ್ನು ತೆರೆಯುವ ಗಳಿಗೆ. ತೀರ್ಥಹಳ್ಳಿಯ ಕಡೆಯ ನಮ್ಮ ತವರಿನಲ್ಲಿ ಬೀಜಕ್ಕೆ ಡಬ್ಬಿಯೇ ಇರಲಿಲ್ಲ. ಸೌತೆಯ ಬೀಜವನ್ನು ಬೂದಿ ಸಗಣಿಯಲ್ಲಿ ಕಲಸಿ, ಬಿಲ್ಲೆಯಂತೆ ತಟ್ಟಿ, ಅಡಿಗೆಮನೆಯ ಗೋಡೆಗೆ ಮೆತ್ತಿಡುತ್ತಿದ್ದರು. ಹೀರೆಯನ್ನಂತೂ ಬಳ್ಳಿಯಲ್ಲೇ ಒಣಗಲು ಬಿಟ್ಟು, ಒಲೆಯ ಹೊಗೆ ತಾಗುವಂತೆ ಜಂತಿಗೆ ಇಳಿಬಿಟ್ಟರೆ, ಮುಂದಿನ ವರ್ಷ ಅದನ್ನು ಕೆಳಗಿಳಿಸಿ ಅಲ್ಲಾಡಿಸಿದಾಗ ಒಳಗೆ ಗಿಲಕಿಯ ಸದ್ದಾಗುತ್ತಿತ್ತು. ಹೊಗೆಗೂ ಬೂದಿಗೂ ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ನನ್ನ ಮನೆಯಲ್ಲಿ ಹೊಗೆಯೂ ಇಲ್ಲ, ಜಂತಿಯೂ ಇಲ್ಲ. ಆದ್ದರಿಂದ ಬೀಜಗಳು ಹಳೆಯ ಹಾರ್ಲಿಕ್ಸ್ ಬಾಟಲಿಯೊಳಗೆ, ಔಷಧ ಅಂಗಡಿಯ ಸಣ್ಣ ಸಣ್ಣ ಪೊಟ್ಟಣಗಳಲ್ಲಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ವರ್ಷ ಕಳೆಯುತ್ತವೆ. ಪೊಟ್ಟಣದ ಮೇಲೆ ಹೆಸರು ಬರೆಯುವುದನ್ನು ಮರೆತದ್ದು ಪ್ರತಿಸಲವೂ ಎರಡಾದರೂ ಇರುತ್ತದೆ. ಅವುಗಳನ್ನು ಬಿತ್ತಿ, ಎಲೆ ಬಂದ ಮೇಲೆ ಪರಿಚಯ ಮಾಡಿಕೊಳ್ಳುವುದು ರೂಢಿ.

ಹಳೆಯ ಬೀಜವನ್ನು ನಂಬಿ ನೇರವಾಗಿ ಮಣ್ಣಿಗೆ ಹಾಕಬಾರದು. ಹತ್ತು ಬೆಂಡೆಬೀಜಗಳನ್ನು ರಾತ್ರಿಯೆಲ್ಲ ನೆನೆಸಿ, ಹಳೆಯ ಪಂಚೆಯ ಒದ್ದೆ ತುಂಡಿನ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಸುರುಳಿ ಸುತ್ತಿ, ಬೆಚ್ಚಗಿನ ಜಾಗದಲ್ಲಿ ಇಟ್ಟು ದಿನಕ್ಕೆರಡು ಬಾರಿ ನೀರು ಚಿಮುಕಿಸಬೇಕು. ಮೂರನೆಯ ಅಥವಾ ನಾಲ್ಕನೆಯ ದಿನ ಬಿಚ್ಚಿ ನೋಡಿದರೆ, ಹಸಿರುಗಪ್ಪು ಬಣ್ಣದ ಗುಂಡು ಬೀಜದ ಒಂದು ಬದಿ ಸೀಳಿ, ಅಕ್ಕಿನುಚ್ಚಿನಷ್ಟು ಬಿಳಿಯ ಬೇರು ಹೊರಗೆ ಇಣುಕಿರುತ್ತದೆ. ಕೆಲವು ಬೇರುಗಳು ಅಷ್ಟರಲ್ಲಾಗಲೇ ಬಟ್ಟೆಯ ನೇಯ್ಗೆಯೊಳಗೆ ಕಾಲೂರಿಕೊಂಡು, ಬಿಡಿಸಲು ಹೋದರೆ ಬರುವುದಿಲ್ಲವೆಂದು ಹಟ ಮಾಡುತ್ತವೆ. ಹತ್ತರಲ್ಲಿ ಎಂಟು ಮೊಳೆತರೆ ಬೀಜ ಗಟ್ಟಿ, ಆರಾದರೆ ಕುಣಿಗೆ ಎರಡೆರಡು ಹಾಕಬೇಕು, ಮೂರಕ್ಕೆ ಇಳಿದರೆ ಹೊಸ ಬೀಜ ಕೊಳ್ಳಬೇಕು. ಹೋದ ವರ್ಷ ಮೊದಲ ಸುರುಳಿಯನ್ನು ನಮ್ಮ ಯಜಮಾನರು ಕೊಳೆ ಬಟ್ಟೆಯೆಂದು ಭಾವಿಸಿ ವಾಷಿಂಗ್ ಮೆಷಿನ್ನಿಗೆ ಹಾಕಿದರು. ಮನೆಗೆಲಸದಲ್ಲಿ ಅವರು ತಾವಾಗಿ ಕೈಹಾಕಿದ ಅಪರೂಪದ ದಿನ ಅದಾದುದರಿಂದ ನಾನು ಏನೂ ಹೇಳಲಿಲ್ಲ. ಒಣಹಾಕಿದ ಅವರ ಅಂಗಿಯ ಜೇಬಿನಲ್ಲಿ ಎರಡು ಬೀಜಗಳು ಸಿಕ್ಕವು, ಮೊಳೆಯಲಿಲ್ಲ.

ಹೊಸದಾಗಿ ಕೊಳ್ಳುವಾಗ ನಾನು ಅರ್ಕಾ ಅನಾಮಿಕ ಎಂಬ ಬೆಂಡೆಯ ತಳಿಯನ್ನು ಕೇಳುತ್ತೇನೆ. ಬೇಸಿಗೆಯ ಬೆಂಡೆಗೆ ಬಿಳಿನೊಣ ಹರಡುವ ಹಳದಿ ನಂಜುರೋಗವೆಂಬ ಶನಿಯೊಂದಿದೆ. ಎಲೆಯ ನರಗಳೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿ, ಕಾಯಿ ಬಿಳಿಚಿಕೊಂಡು ಗಿಡ ಕುಗ್ಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಡೆಯ ಕಾಡುಬಂಧುವೊಂದರ ಜೊತೆ ಸಂಕರ ಮಾಡಿ, ಆ ಬಂಧುವಿನ ತಾಳಿಕೆಯನ್ನು ಈ ತಳಿಗೆ ತಂದರು. ಹಾಗಿದ್ದರೂ ಒಮ್ಮೊಮ್ಮೆ ಹಳದಿ ಕಾಣಿಸಿದರೆ, ಆ ಗಿಡವನ್ನು ಅಂದೇ ಕಿತ್ತೊಗೆಯಬೇಕು. ಪಾಪವೆಂದು ಒಂದನ್ನು ಉಳಿಸಿಕೊಂಡು ಸಾಲಿಗೆ ಸಾಲನ್ನೇ ಕಳೆದುಕೊಂಡವಳು ನಾನು. ಟೊಮೆಟೊ ಗೊಡವೆಗೆ ಈ ಕಾಲದಲ್ಲಿ ಹೋಗುವುದಿಲ್ಲ. ಸೆಕೆ ಏರಿದೊಡನೆ ಅದು ಕಾಯಿ ಕಟ್ಟದೆ ಹೂವನ್ನೆಲ್ಲ ಉದುರಿಸಿ ಕೈತೊಳೆದುಕೊಳ್ಳುತ್ತದೆ. ಬೆಂಡೆ, ಹೀರೆ, ಹಾಗಲ, ಕುಂಬಳ, ಅಲಸಂದೆ, ದಂಟು, ಹರಿವೆ, ಜೊತೆಗೆ ಈ ಊರಿನ ಮರ್ಯಾದೆಗೆ ಒಂದೆರಡು ಈರನಗೆರೆ ಬದನೆ, ಇಷ್ಟಿದ್ದರೆ ನನ್ನ ತಾರಸಿ ತುಂಬುತ್ತದೆ.

ಇನ್ನು ಮಣ್ಣು. ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 50 ಕಿಲೋ ತೂಗುತ್ತದೆಂಬುದನ್ನು ನನಗೆ ತಿಳಿಸಿದವರು ಮನೆ ಕಟ್ಟಿದ ಮೇಸ್ತ್ರಿ. ತಾರಸಿಯ ಮೇಲೆ ಹೊಲ ಮಾಡುವ ಹುಮ್ಮಸ್ಸಿನಲ್ಲಿದ್ದ ನಾನು ಆ ಲೆಕ್ಕ ಕೇಳಿದ ಮೇಲೆ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೊಳೆದು ಉಪ್ಪು ಬಿಡಿಸಿದ ತೆಂಗಿನ ನಾರಿನ ಪುಡಿ, ಒಂದು ಪಾಲು ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ ಎಂಬ ಹಗುರ ಪಾಕಕ್ಕೆ ಬಂದೆ. ಹಳೆಯ ಮಣ್ಣನ್ನು ಟಾರ್ಪಾಲಿನ ಮೇಲೆ ಸುರಿದು ಒಂದು ವಾರ ಬಿಸಿಲಿಗೆ ಬಿಟ್ಟರೆ, ಒಳಗೆ ಮುದುಡಿ ಮಲಗಿದ್ದ ಬಿಳಿಯ ಗೊಣ್ಣೆಹುಳುಗಳು ಹೊರಬೀಳುತ್ತವೆ. ಗೊರವಂಕಗಳಿಗೆ ಈ ಸುದ್ದಿ ಯಾರು ಮುಟ್ಟಿಸುತ್ತಾರೋ ತಿಳಿಯದು, ಎರಡನೆಯ ದಿನದಿಂದ ಪಂಕ್ತಿ ಹಾಕಿಕೊಂಡು ಕುಳಿತಿರುತ್ತವೆ. ಗೊಬ್ಬರಕ್ಕೆ ನಮ್ಮ ಬೀದಿಯ ಹೊಂಗೆಮರಗಳೇ ದಿಕ್ಕು. ಮಾಘ ಫಾಲ್ಗುಣದಲ್ಲಿ ಅವು ಹಳೆಯ ಎಲೆಯನ್ನೆಲ್ಲ ಒಮ್ಮೆಲೇ ಕೊಡವಿ, ವಾರ ಕಳೆಯುವಷ್ಟರಲ್ಲಿ ಎಣ್ಣೆ ಹಚ್ಚಿದಂತೆ ಮಿನುಗುವ ಚಿಗುರನ್ನು ಉಡುತ್ತವೆ. ಉದುರಿದ್ದನ್ನು ಪಕ್ಕದ ಬೀದಿಯ ಒಬ್ಬರು ಗುಡಿಸಿ ರಾಶಿ ಮಾಡಿ ಮುಂಜಾನೆಯೇ ಬೆಂಕಿ ಹಚ್ಚುತ್ತಿದ್ದರು. ಆ ಹೊಗೆ ಕುಡಿದು ಇಡೀ ಬೀದಿ ಕೆಮ್ಮುತ್ತಿತ್ತು. ಎಲೆಯನ್ನು ನನಗೆ ಕೊಡಿರೆಂದು ಒಮ್ಮೆ ಕೇಳಿದ್ದೇ ನೆಪ, ಈಗ ಬೀದಿಯವರೆಲ್ಲ ಹೇಳದೆ ಕೇಳದೆ ಗೋಣಿಚೀಲ ತಂದು ಗೇಟಿಗೆ ಒರಗಿಸಿ ಹೋಗುತ್ತಾರೆ. ಒಂದು ಚೀಲದಲ್ಲಿ ಎಲೆಯ ಜೊತೆ ಒಂಟಿ ಚಪ್ಪಲಿಯೂ ಬಂದಿತ್ತು. ಅಡಿಗೆಮನೆಯ ಹಸಿ ಸಿಪ್ಪೆಯ ಮೇಲೆ ಈ ಒಣ ಎಲೆಯನ್ನು ಪದರ ಪದರವಾಗಿ ಹಾಕಿ, ಹುಳಿಮಜ್ಜಿಗೆ ಚಿಮುಕಿಸಿ ಮುಚ್ಚಿಟ್ಟರೆ ನಾಲ್ಕೈದು ದಿನಗಳಲ್ಲಿ ರಾಶಿಯ ಹೊಟ್ಟೆ ಬಿಸಿಯಾಗುತ್ತದೆ. ಕೈಯಿಟ್ಟು ನೋಡಿದರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತಿರುತ್ತದೆ. ಇಲ್ಲಿ ಮಾತ್ರ ಜ್ವರ ಇಲ್ಲದಿದ್ದರೆ ಚಿಂತೆ.

ಇಷ್ಟೂ ಕೆಲಸದ ನಡುವೆ ಚೀಟಿಯ ಮುಂಬದಿಯನ್ನು ನಾನು ಮರೆತಿದ್ದೆನೆಂದು ಭಾವಿಸಬೇಡಿ. ಒಂದು ವಾರ ಉದ್ಯಾನವನಕ್ಕೆ ಹೋಗಿ ಸುತ್ತು ಹಾಕಿದೆ. ವಾರಕ್ಕೆ 150 ನಿಮಿಷವಾದರೂ ಮೈದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಓದಿ, ಸುತ್ತುಗಳನ್ನು ಬೆರಳಿನಲ್ಲಿ ಎಣಿಸಿದೆ. ಹೊರಟ ಜಾಗಕ್ಕೇ ಮತ್ತೆ ಮತ್ತೆ ಬಂದು ಸೇರುವ ಈ ನಡಿಗೆಯಲ್ಲಿ ನನಗೆ ಮನಸ್ಸು ನಿಲ್ಲಲಿಲ್ಲ. ಎಂಟನೆಯ ದಿನ ಮಂಡಿನೋವು ಬಂತು, ಒಂಬತ್ತನೆಯ ದಿನ ನೋವು ಹೋದರೂ ನಾನು ಹೋಗಲಿಲ್ಲ. ಏಳುವ ಗಂಟೆ ಮತ್ತೆ ಏಳೂವರೆಗೆ ಬಂದು ನಿಂತಿತು.

ಅದನ್ನು ಅಲ್ಲಿಂದ ಎಬ್ಬಿಸಿದ್ದು ಕುಂಬಳ. ಏಪ್ರಿಲ್ ಹೊತ್ತಿಗೆ ಬಳ್ಳಿ ನೀರಿನ ಟ್ಯಾಂಕಿನ ಮೇಲೆ ಹಬ್ಬಿ, ಮೊದಲು ಉದ್ದ ತೊಟ್ಟಿನ ಗಂಡುಹೂಗಳನ್ನೂ ಹತ್ತು ಹನ್ನೆರಡು ದಿನಗಳ ಮೇಲೆ ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತ ಹೆಣ್ಣುಹೂಗಳನ್ನೂ ಬಿಟ್ಟಿತು. ಗೋಲಿ ನಿಂಬೆಯಷ್ಟಾಗುವ ಮೊದಲೇ ಹಳದಿಯಾಗಿ, ಮೆತ್ತಗಾಗಿ, ಮುಟ್ಟಿದರೆ ಕಳಚಿ ಬೀಳುತ್ತಿತ್ತು. ಎರಡನೆಯ ಮಹಡಿಯ ಮೇಲೆ ಜೇನುನೊಣಗಳ ಓಡಾಟ ಕಡಿಮೆ. ಪರಾಗವನ್ನು ನಾವೇ ಮುಟ್ಟಿಸಬೇಕು. ಆದರೆ ಕುಂಬಳದ ಹೂವು ನಸುಕಿನಲ್ಲಿ ಅರಳಿ, ಬಿಸಿಲೇರುತ್ತಿದ್ದಂತೆ ಬಾಯಿ ಮುಚ್ಚಿಬಿಡುತ್ತದೆ. ಕಾಫಿ, ತಿಂಡಿ, ಪತ್ರಿಕೆಗಳನ್ನು ಮುಗಿಸಿಕೊಂಡು ನಾನು ಮೇಲೆ ಹೋಗುವಷ್ಟರಲ್ಲಿ ಅದರ ಕಚೇರಿ ಬಾಗಿಲು ಹಾಕಿರುತ್ತಿತ್ತು. ಹೀಗೆ ನಾಲ್ಕು ಕಾಯಿ ಹೋದವು. ಐದನೆಯದಕ್ಕೆ ನಾನು ಐದೂವರೆಗೆ ಎದ್ದೆ. ಗಂಡುಹೂವೊಂದನ್ನು ಕಿತ್ತು, ದಳಗಳನ್ನು ಸಿಪ್ಪೆಯಂತೆ ಸುಲಿದು, ನಡುವಿನ ಹಳದಿ ಕೋಲನ್ನು ಹೆಣ್ಣುಹೂವಿನ ಒಳಗಿನ ಅಂಟುಗದ್ದಿಗೆಗೆ ಮೆಲ್ಲನೆ ಸವರಬೇಕು. ಬೆರಳಿಗೆ ಹತ್ತಿದ ಪುಡಿ ಬೆವರಿನೊಡನೆ ಸೇರಿ ಕುಂಕುಮಕ್ಕೆ ಅರಿಸಿನ ಕಲಸಿದಂತಿರುತ್ತದೆ. ಒಳಗೆ ಆಗಲೇ ಒಂದು ಇರುವೆ ಬಂದು ಕುಳಿತಿತ್ತು. ಅದೂ ಬೇಗ ಏಳುವ ಅಭ್ಯಾಸದವಳು. ಆ ಕಾಯಿ ನಿಂತಿತು. ಒಂದು ಕಾಯಿಗಾಗಿ ಎದ್ದವಳು ಮರುದಿನ ಇನ್ನೊಂದಕ್ಕಾಗಿ ಏಳಬೇಕಾಯಿತು, ಎದ್ದ ಮೇಲೆ ನೀರು ಹಾಕುವುದನ್ನು ಬಿಸಿಲಿಗೆ ಮುಂಚೆಯೇ ಮುಗಿಸಬೇಕಾಯಿತು. ಕಾವೇರಿ ನೀರು ಬಾರದ ದಿನಗಳಲ್ಲಿ ಅಕ್ಕಿ ಬೇಳೆ ತೊಳೆದ ನೀರನ್ನೂ ಸೊಪ್ಪು ಜಾಲಿಸಿದ ನೀರನ್ನೂ ಬಕೆಟ್ಟಿನಲ್ಲಿ ಹೊತ್ತು ಹದಿನೆಂಟು ಮೆಟ್ಟಿಲು ಹತ್ತಿ ಇಳಿಯುವುದು ಬೇರೆ. ಮಂಡಿ ಆಗ ತಕರಾರು ಎತ್ತಲಿಲ್ಲ.

ಹೀರೆಯ ಸಮಯಪಾಲನೆ ಇದಕ್ಕೆ ತದ್ವಿರುದ್ಧ. ಕುಂಬಳವು ಬ್ರಾಹ್ಮೀ ಮುಹೂರ್ತದ್ದಾದರೆ, ಹೀರೆಯದು ಗೋಧೂಳಿ ಲಗ್ನ. ಸಂಜೆ ಐದರ ಮೇಲೆ, ಬಿಸಿಲು ಸೋತು ಚಾಮುಂಡಿಬೆಟ್ಟದ ಬಣ್ಣ ಬದಲಾಗುವಾಗ, ಹೀರೆಯ ತಿಳಿಹಳದಿ ಹೂಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಸಂಜೆಯ ಧಾರಾವಾಹಿ ಆರಂಭವಾಗುವುದೂ ಸರಿಯಾಗಿ ಅದೇ ಹೊತ್ತಿಗೆ. ಮೂರು ದಿನ ಎರಡನ್ನೂ ಸಂಭಾಳಿಸಲು ನೋಡಿ, ನಾಲ್ಕನೆಯ ದಿನ ಧಾರಾವಾಹಿಯ ಸೊಸೆಯನ್ನು ಅವಳ ಅತ್ತೆಯ ಕೈಗೆ ಒಪ್ಪಿಸಿ ಮೇಲೆ ಹೋದೆ. ಬೆಳಗಿನ ಐದೂವರೆಗೆ ಎದ್ದವಳಿಗೆ ರಾತ್ರಿ ಒಂಬತ್ತೂವರೆಗೆ ಕಣ್ಣೆಳೆಯತೊಡಗಿದರೆ, ಅದರಲ್ಲಿ ವೈದ್ಯರ ಸಲಹೆಯ ಪಾತ್ರವೇನೂ ಇಲ್ಲ.

ತಾರಸಿಯ ತೋಟದಿಂದ ಮನೆಗೆ ಕಾಯಿಲೆಯೂ ಬರಬಹುದು. ಕುಂಡದ ಅಡಿಯ ತಟ್ಟೆಯಲ್ಲಿ ನಿಂತ ನಾಲ್ಕು ಚಮಚ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಾಕು. ಸೆಕೆಯ ದಿನಗಳಲ್ಲಿ ಮೊಟ್ಟೆಯು ರೆಕ್ಕೆ ಬಲಿತ ಸೊಳ್ಳೆಯಾಗಲು ಎಂಟು ಹತ್ತು ದಿನ ಹಿಡಿಯುವುದರಿಂದ, ವಾರಕ್ಕೊಮ್ಮೆ ತಟ್ಟೆಗಳನ್ನೆಲ್ಲ ಬರಿದುಮಾಡಿ ತಿಕ್ಕಿ ಒಣಗಿಸಿದರೆ ಅದರ ಸಂಸಾರ ಕೈಗೂಡುವುದಿಲ್ಲ. ನಮ್ಮಲ್ಲಿ ಅದಕ್ಕೆ ಶುಕ್ರವಾರ ಗೊತ್ತಾಗಿದೆ. ಹೊಸ್ತಿಲು ತೊಳೆದು ರಂಗೋಲಿ ಇಡುವ ದಿನವೇ ತಟ್ಟೆ ತೊಳೆಯುವುದಾದುದರಿಂದ ಮರೆಯುವ ಪ್ರಶ್ನೆಯಿಲ್ಲ. ಈ ಖಾತೆಯನ್ನು ಯಜಮಾನರು ವಹಿಸಿಕೊಂಡಿದ್ದಾರೆ. ಫ್ರಿಜ್ಜಿನ ನೀರಿನ ಬಾಟಲಿಗಳನ್ನು ತೆಗೆದು ಬಾಗಿಲ ಬಳಿ ಮರಳಿನ ಮೇಲೆ ಮಣ್ಣಿನ ಹೂಜಿಯನ್ನಿಟ್ಟವರೂ ಅವರೇ. ಕಾರಣ ಆರೋಗ್ಯವಲ್ಲ, ಬೀಜದ ಬಾಟಲಿಗೆ ಅಲ್ಲಿ ಜಾಗ ಸಾಲದೆ ನಾನು ಮಾಡುತ್ತಿದ್ದ ಗೊಣಗಾಟ.

ಊಟದ ವಿಷಯದಲ್ಲಿ ಮಾತ್ರ ನಾನು ಸುಳ್ಳು ಹೇಳಲಾರೆ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿತ್ತಿದ ಐವತ್ತನೆಯ ದಿನದ ಸುಮಾರಿಗೆ ಬಂದ ಮೊದಲ ಬೆಂಡೆಯ ಕೊಯ್ಲನ್ನು ನಾನು ಬಹಳ ಹೆಮ್ಮೆಯಿಂದ ತಕ್ಕಡಿಗೆ ಹಾಕಿದಾಗ ಅದು 90 ಗ್ರಾಂ ತೂಗಿತು. ಇಬ್ಬರ ಗೊಜ್ಜಿಗೂ ಸಾಲದ ಆ ಎಂಟು ಕಾಯಿಗಳನ್ನು ಎರಡು ದಿನ ಕೂಡಿಡೋಣವೆಂದರೆ, ಗಿಡದಲ್ಲಿ ಉಳಿದವು ಅಷ್ಟರಲ್ಲಿ ನಾರು ಬಲಿತು ಚಾಟಿಕೋಲಾಗುತ್ತವೆ. ಮನೆಯನ್ನು ನಿಜವಾಗಿ ಸಾಕಿದ್ದು ಸೊಪ್ಪು. ಹರಿವೆ ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಕೈಗೆ ಬಂತು, ದಂಟು ಅದರ ಹಿಂದೆಯೇ ಬಂತು. ವಾರಕ್ಕೆ ಮೂರು ದಿನ ಮಸ್ಸೊಪ್ಪು, ನಡುವೆ ದೊಡ್ಡಪತ್ರೆಯ ತಂಬುಳಿ, ಒಂದೆಲಗದ ಚಟ್ನಿ. ಸೊಪ್ಪು ಹೆಚ್ಚಾದಾಗ ಅನ್ನ ತಾನಾಗಿಯೇ ಕಡಿಮೆಯಾಯಿತು. ಉಳಿದ 310 ಗ್ರಾಮನ್ನು ದೇವರಾಜ ಮಾರುಕಟ್ಟೆ ತುಂಬಿಕೊಟ್ಟಿತು, ಈಗಲೂ ಕೊಡುತ್ತಿದೆ. ಐದನೆಯ ಕುಂಬಳವು ಭರಣಿ ಮಳೆ ಬೀಳುವ ಹೊತ್ತಿಗೆ ಮೂರೂವರೆ ಕಿಲೋ ಆಗಿತ್ತು. ಅರ್ಧವನ್ನು ಎಲೆಯ ಚೀಲ ತಂದವರ ಮನೆಗಳಿಗೆ ಹೋಳು ಮಾಡಿ ಹಂಚಿದೆ. ಒಂಟಿ ಚಪ್ಪಲಿಯವರು ಯಾರೆಂದು ಆಗಲೂ ತಿಳಿಯಲಿಲ್ಲ.

ಮೊನ್ನೆ ಶಿವರಾತ್ರಿ ಕಳೆಯಿತು. ಕುಂಡಗಳು ನೆಟ್ಟಗಾಗಿವೆ, ಮಣ್ಣು ಟಾರ್ಪಾಲಿನ ಮೇಲೆ ಬಿಸಿಲು ಕಾಯಿಸುತ್ತಿದೆ, ಗೊರವಂಕಗಳು ಬಂದು ನೋಡಿಕೊಂಡು ಹೋದವು. ಪಂಚೆಯ ಸುರುಳಿಯ ಮೇಲೆ ಈ ಬಾರಿ ದೊಡ್ಡ ಅಕ್ಷರದಲ್ಲಿ ‘ಬೀಜ’ ಎಂದು ಬರೆದ ಚೀಟಿ ಸಿಕ್ಕಿಸಿದ್ದೇನೆ. ಹತ್ತರಲ್ಲಿ ಏಳು ಮೊಳೆತಿವೆ. ದಿನಾಂಕ ಬರೆದಿಡೋಣವೆಂದು ಫ್ರಿಜ್ಜಿನ ಬಾಗಿಲಿನಿಂದ ಆ ಹಳೆಯ ಕಾಗದವನ್ನು ಬಿಡಿಸಿ ತಿರುಗಿಸಿದರೆ, ಹಿಂಬದಿಯಲ್ಲಿ ಬೆಂಡೆ, ಹೀರೆ, ಹರಿವೆಯ ಎರಡನೆಯ ಸರದಿ, ಹಿಂಡಿ ಹಾಕಿದ ದಿನ, ಕುಂಬಳದ ತೂಕ ಎಲ್ಲವೂ ಅಂಚಿನವರೆಗೆ ತುಂಬಿಕೊಂಡು, ಇನ್ನೊಂದು ಸಾಲಿಗೂ ಎಡೆಯಿಲ್ಲ. ಬರುವ ವಾರ ವೈದ್ಯರಲ್ಲಿಗೆ ಹೋಗಿ ಇನ್ನೊಂದು ಚೀಟಿ ಬರೆಸಿಕೊಂಡು ಬರಬೇಕು.