ಫೈಲ್ ನನ್ನದು, ಪಾಸ್‌ವರ್ಡ್ ಸರಿ, ಆದರೂ ತೆರೆಯಲ್ಲವಂತೆ!

ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಟ್ಟ ಟೆಕ್ನಿಷಿಯನ್ "ಡಿ ಡ್ರೈವ್ ಮುಟ್ಟಲ್ಲ" ಅಂದಿದ್ದರು. ಮುಟ್ಟಲಿಲ್ಲ, ಒಪ್ಪಿದೆ. ಎಲ್ಲ ಫೈಲೂ ಅಲ್ಲೇ ಇವೆ. ಹೆಸರು ಸರಿ, ತಾರೀಕು ಸರಿ, ಎಷ್ಟು ಎಂಬಿ ಅನ್ನುವುದೂ ಸರಿ. ಆದರೆ ಕ್ಲಿಕ್ ಮಾಡಿದರೆ "ಆಕ್ಸೆಸ್ ಡಿನೈಡ್". ನಾನು ಬರೆದ ನಾಲ್ಕನೇ ಅಧ್ಯಾಯ ಪೂರ್ತಿ ಅದರೊಳಗಿದೆ!

ಅಷ್ಟು ಜನ ನಿಂತಿದ್ದರು. ಅವರ ಎದುರಿಗೇ ಆ ಟೆಕ್ನಿಷಿಯನ್ ಕೀಬೋರ್ಡನ್ನು ನನ್ನ ಕಡೆ ತಳ್ಳಿ, "ಹಳೇ ಪಾಸ್‌ವರ್ಡೇ ಹಾಕಿ" ಅಂದರು. ಹೊಸ ಅಕೌಂಟಿಗೂ ಅದೇ ಹೆಸರು, ಅದೇ ಪಾಸ್‌ವರ್ಡ್. ಲಾಗಿನ್ ಆಯಿತು. ಫೈಲ್ ತೆರೆಯಲಿಲ್ಲ. "ಇನ್ನೊಂದ್ಸಲ, ನಿಧಾನವಾಗಿ ಹಾಕಿ." ಹಾಕಿದೆ. ಮತ್ತೆ ಅದೇ. "ನೆನಪು ಮಾಡ್ಕೊಳ್ಳಿ, ಬೇರೆ ಏನಾದ್ರೂ ಇಟ್ಟಿದ್ರಾ?" ಕೈ ನಡುಗುತ್ತಿತ್ತು. ಕೊನೆಗೆ ಕೇಳಿದ್ದು, "ಇದು ನಿಮ್ಮದೇ ಕಂಪ್ಯೂಟರ್ ತಾನೇ?" ಪಕ್ಕದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರದ್ದೋ ಕದ್ದು ತಂದವಳ ಹಾಗೆ ನಿಂತಿದ್ದೆ. ಹೌದು ಅನ್ನುವುದಕ್ಕೂ ಬಾಯಿ ಬರಲಿಲ್ಲ.

ಆಮೇಲೆ ಕೂತು ಓದಿದೆ. ಬರೀ ಪಾಸ್‌ವರ್ಡಿನಿಂದ ಇದು ಆಗುವ ಕೆಲಸವೇ ಅಲ್ಲ! ನನ್ನ ಫೈಲ್‌ಗಳಿಗೆ ಇದ್ದದ್ದು ಇಎಫ್‌ಎಸ್, ಅಂದರೆ ಫೈಲನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್‌ನದೇ ಏರ್ಪಾಡು. ಇದು ವಿಂಡೋಸ್ 2000ದಿಂದಲೂ ಇದೆ. ಫೈಲ್ ಬಿಚ್ಚುವ ಪ್ರೈವೇಟ್ ಕೀ ಇರುವುದು ಸಿ ಡ್ರೈವ್‌ನಲ್ಲಿ, ಹಳೇ ಯೂಸರ್ ಪ್ರೊಫೈಲ್ ಒಳಗೆ. ಹೊಸ ಅಕೌಂಟಿಗೆ ಅದೇ ಹೆಸರಿಟ್ಟರೂ ಕೀ ಬೇರೆ. ಓನರ್‌ಶಿಪ್ ಬದಲಾಯಿಸಿ ಅಂತ ಕೆಲವರು ಹೇಳುತ್ತಾರೆ. ಅದು ಪರ್ಮಿಷನ್ ತೊಂದರೆಗೆ ಮದ್ದು, ಎನ್‌ಕ್ರಿಪ್ಷನ್‌ಗೆ ಅಲ್ಲ. ಫಾರ್ಮ್ಯಾಟ್‌ಗೆ ಮುಂಚೆ ಇಎಫ್‌ಎಸ್ ಸರ್ಟಿಫಿಕೇಟನ್ನು ಕೀ ಸಮೇತ ಪಿಎಫ್‌ಎಕ್ಸ್ ಅನ್ನುವ ಬ್ಯಾಕಪ್ ಫೈಲಾಗಿ ತೆಗೆದಿಟ್ಟಿದ್ದರೆ ಸಾಕಿತ್ತು. ದಿನಾ ಇದೇ ಕೆಲಸ ಮಾಡುವವರು ಅದನ್ನು ಮೊದಲೇ ಕೇಳಬೇಕಿತ್ತು ಅಲ್ವಾ? ಫೈಲ್‌ಗಳ ಮೇಲೆ ಬೀಗದ ಗುರುತು ಕಾಣುತ್ತಿತ್ತು ಅಲ್ವಾ? ಕೀ ಅಳಿಸಿದ್ದು ಅವರು, ಪಾಸ್‌ವರ್ಡ್ ಮರೆತವಳು ಅನ್ನುವ ಹೆಸರು ನನಗೆ!

ಹೋಗಲಿ, ಮತ್ತೆ ಬರೆಯೋಣ ಅಂದುಕೊಂಡೆ. ಕೂತೆ ಕೂಡ. ಒಂದು ಸಾಲೂ ಹುಟ್ಟಲಿಲ್ಲ. ಯಾಕೆ ಬಿಡಬೇಕು? ಫೈಲ್ ಹೋಗಿಲ್ಲವಲ್ಲ, ಕಣ್ಣೆದುರೇ ಇದೆ! ಆದರೆ ಎಇಎಸ್ 256 ಬಿಟ್ ಅನ್ನುವ ಎನ್‌ಕ್ರಿಪ್ಷನ್ ಊಹೆ ಮಾಡಿ ಮುರಿಯುವಂಥದ್ದಲ್ಲ, ಅದೂ ಗೊತ್ತು.

ಉಳಿದಿರುವುದು ಒಂದೇ ದಾರಿ. ಹಳೇ ಪ್ರೊಫೈಲ್‌ನಲ್ಲಿ ಕೀಗಳನ್ನು ಇಡುವ ಕ್ರಿಪ್ಟೋ, ಪ್ರೊಟೆಕ್ಟ್ ಫೋಲ್ಡರ್‌ಗಳಲ್ಲಿದ್ದದ್ದು ಡಿಸ್ಕ್‌ನಲ್ಲಿ ಅಳಿಯದೆ ಉಳಿದಿದ್ದರೆ, ಹಳೇ ಪಾಸ್‌ವರ್ಡ್ ಸೇರಿಸಿ ಕೀ ತೆಗೆಯಬಹುದು. ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಜಾಗವನ್ನು ಖಾಲಿ ಮಾಡುವ ಟ್ರಿಮ್ ಅನ್ನುವ ವ್ಯವಸ್ಥೆ ಎಲ್ಲವನ್ನೂ ಒರೆಸುವ ಸಾಧ್ಯತೆಯೇ ಜಾಸ್ತಿ. ನನ್ನದು ಹಾರ್ಡ್ ಡಿಸ್ಕ್. ಅದರ ಮೇಲೆ ಹೊಸ ವಿಂಡೋಸ್ ಕೂತಾಗಿದೆ, ಇನ್ನಷ್ಟು ಬರೆದುಕೊಳ್ಳದಿರಲಿ ಅಂತ ಆಫ್ ಮಾಡಿ ಇಟ್ಟಿದ್ದೇನೆ. ಕ್ವಿಕ್ ಫಾರ್ಮ್ಯಾಟ್ ಆದ ಡಿಸ್ಕ್‌ನಿಂದ ಹೀಗೆ ಕೀ ವಾಪಸ್ ಪಡೆದವರು ಯಾರಾದರೂ ಇದ್ದೀರಾ? ಏನು ಬಳಸಿದಿರಿ? ಯಾರಾದರೂ ಸರಿ, ಉತ್ತರ ಕೊಡಿ. "ಬ್ಯಾಕಪ್ ಇಟ್ಕೋಬೇಕಿತ್ತು" ಅನ್ನುವವರು ಮಾತ್ರ ದಯವಿಟ್ಟು ಸುಮ್ನಿರಿ.