ಸತ್ಯಾಂಶ: ನ್ಯಾಟೊದ 5ನೇ ವಿಧಿ ಮತ್ತು ‘ತಕ್ಷಣ ಯುದ್ಧ’

ಅಮೆರಿಕ, ಕೆನಡಾ ಮತ್ತು ಯುರೋಪಿನ ದೇಶಗಳ ರಕ್ಷಣಾ ಒಕ್ಕೂಟ ನ್ಯಾಟೊ ಬಗ್ಗೆ, ‘ನ್ಯಾಟೊದ ಒಂದು ದೇಶದ ಮೇಲೆ ದಾಳಿಯಾದರೆ ಉಳಿದ 31 ದೇಶಗಳೂ ಆ ಕ್ಷಣವೇ ಯುದ್ಧಕ್ಕೆ ಇಳಿಯಲೇಬೇಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜ.

1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದ ನ್ಯಾಟೊ ಒಪ್ಪಂದದ 5ನೇ ವಿಧಿ, ಒಬ್ಬರ ಮೇಲಿನ ಸಶಸ್ತ್ರ ದಾಳಿ ಎಲ್ಲರ ಮೇಲಿನ ದಾಳಿ ಎನ್ನುತ್ತದೆ. ಮುಂದಿನ ಮಾತನ್ನು ಫಾರ್ವರ್ಡ್ ಮಾಡುವವರು ನುಂಗಿಬಿಡುತ್ತಾರೆ: ಪ್ರತಿ ದೇಶ ‘ತನಗೆ ಅಗತ್ಯವೆನಿಸಿದ ಕ್ರಮ’ ಕೈಗೊಂಡು ನೆರವಾಗಬೇಕು. ಸೇನಾಬಲ ಅದರಲ್ಲಿ ಒಂದು ಆಯ್ಕೆ, ಅಷ್ಟೇ. ನೆರವಿನ ಹೊಣೆಯೇನೋ ಇದೆ. ಅದರ ರೂಪ ಆಯಾ ದೇಶದ ತೀರ್ಮಾನ. ಸ್ಥಾಪಕ ಸದಸ್ಯ ಐಸ್‌ಲೆಂಡ್‌ಗೆ ಸ್ವಂತ ಸೇನೆಯೇ ಇಲ್ಲ!

ಈ ವಿಧಿ ಜಾರಿಯಾದದ್ದು ಒಮ್ಮೆ ಮಾತ್ರ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ. ತಮಾಷೆಯೆಂದರೆ, ಯುರೋಪನ್ನು ಕಾಯಲು ಹುಟ್ಟಿದ ಮಾತು ಅಮೆರಿಕದ ನೆರವಿಗೆ ಬಂತು. ಆಗ ನ್ಯಾಟೊದ ರೇಡಾರ್ ವಿಮಾನಗಳು ಅಮೆರಿಕದ ಆಕಾಶದಲ್ಲಿ ಗಸ್ತು ತಿರುಗಿದವು.

ಎಲ್ಲೆಯೂ ಉಂಟು. 1982ರಲ್ಲಿ ಅರ್ಜೆಂಟೀನಾ ಬ್ರಿಟನ್ನಿನ ಫಾಕ್‌ಲೆಂಡ್ ದ್ವೀಪಗಳನ್ನು ಆಕ್ರಮಿಸಿದಾಗ 5ನೇ ವಿಧಿ ಅನ್ವಯಿಸಲಿಲ್ಲ. 6ನೇ ವಿಧಿಯ ಪ್ರಕಾರ, ದ್ವೀಪಗಳ ಪೈಕಿ ರಕ್ಷಣೆ ಸಿಗುವುದು ಉತ್ತರ ಅಟ್ಲಾಂಟಿಕ್‌ನಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವವುಗಳಿಗೆ ಮಾತ್ರ. ಫಾಕ್‌ಲೆಂಡ್ ಇರುವುದು ಭೂಮಧ್ಯರೇಖೆಯ ಕೆಳಗೆ, ಬಹುದೂರದಲ್ಲಿ.