ಸತ್ಯಾಂಶ: ಮರದರಿಶಿನದ ಕಷಾಯ ಮಾತ್ರೆಗೆ ಬದಲಿಯಲ್ಲ

‘ಕಾಡಿನ ಮರದರಿಶಿನದ ಬಳ್ಳಿಯನ್ನು ಕುದಿಸಿ ಕುಡಿದರೆ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ, ಮಾತ್ರೆ ಬಿಡಿ’ ಎಂಬ ಸಂದೇಶ ಶಿರಸಿ ಸುತ್ತಲಿನವರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇದು ಪೂರ್ಣ ಸುಳ್ಳಲ್ಲ, ತೊಡಕಿರುವುದೂ ಅಲ್ಲಿಯೇ. ಕಾಂಡವನ್ನು ಅಡ್ಡ ಕೊಯ್ದರೆ ಗಾಡಿಚಕ್ರದ ಅರೆಗಳಂತೆ ಗೆರೆಗಳಿರುವ ಕಡುಹಳದಿ ತಿರುಳು ಕಾಣುತ್ತದೆ. ಆ ಬಣ್ಣ ಕೊಡುವ ಬರ್ಬೆರಿನ್ ಎಂಬ ಅಂಶ ರಕ್ತದ ಸಕ್ಕರೆಯನ್ನು ತಗ್ಗಿಸಬಲ್ಲದು. ಆದರೆ ಕಾಯಿಲೆಯನ್ನು ಅದು ವಾಸಿ ಮಾಡುವುದಿಲ್ಲ. ಮಾತ್ರೆಯ ಜೊತೆಗೆ ಅಳತೆಯಿಲ್ಲದೆ ಕುಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು, ಮಾತ್ರೆ ಬಿಟ್ಟರೆ ಏರಬಹುದು. ಬರ್ಬೆರಿನ್ ನವಜಾತ ಶಿಶುವಿನ ಕಾಮಾಲೆಯನ್ನು ಹೆಚ್ಚಿಸಬಲ್ಲದಾದ್ದರಿಂದ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದು ಸಲ್ಲದು.

ಹಿಮಾಲಯದ ಮುಳ್ಳುಪೊದೆಯಾದ ದಾರುಹರಿದ್ರೆಗೆ ಬದಲಾಗಿ ದಕ್ಷಿಣದ ವೈದ್ಯರು ಈ ಬಳ್ಳಿಯನ್ನು ಗಾಯ, ಕಣ್ಣುಬೇನೆ, ಮಧುಮೇಹಗಳಿಗೆ ಬಳಸುತ್ತ ಬಂದಿದ್ದಾರೆ, ಅದೂ ರೋಗಿಯನ್ನು ನೋಡಿ, ಪ್ರಮಾಣ ಗೊತ್ತುಮಾಡಿ. ಈಗ ಪಶ್ಚಿಮ ಘಟ್ಟದಲ್ಲಿ ಅಳಿವಿನಂಚಿನಲ್ಲಿರುವ ಇದರಲ್ಲಿ ಗಂಡು, ಹೆಣ್ಣು ಬಳ್ಳಿಗಳು ಬೇರೆ ಬೇರೆ; ಬಲಿಯಲು ಹಲವು ವರ್ಷ ಹಿಡಿಯುವ ಹೆಣ್ಣುಬಳ್ಳಿಯನ್ನು ಯಾರೋ ಬುಡದಲ್ಲೇ ಕಡಿದು ಒಯ್ದರೆ, ಹತ್ತಿರದಲ್ಲಿ ಗಂಡುಬಳ್ಳಿ ಎಷ್ಟಿದ್ದರೂ ಆ ಜಾಗದಲ್ಲಿ ಬೀಜವಾಗುವುದಿಲ್ಲ.